ಜಯಂತ ಕಾಯ್ಕಿಣಿ: ಕೆಲಸ ಬಿಡದೆ ಬರೆದ ಕವಿ

ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿದು, ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ಘನ್ಸೋಲಿ ಕಡೆಯ ಆಫೀಸಿಗೆ ಹೋಗೋ ನಮ್ಮಂಥವರ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತೆ: "ಬರೀಬೇಕು ಅಂತ ಆಸೆ, ಆದರೆ ಈ ಊರಲ್ಲಿ ಟೈಮೇ ಸಿಗಲ್ಲ." ನಾನೂ ಅದೇ ಗುಂಪಿನವನು. ಅದಕ್ಕೇ ಇವತ್ತು ಜಯಂತ ಕಾಯ್ಕಿಣಿಯವರ ಬಗ್ಗೆ ಮಾತಾಡೋಣ.

ನಮ್ಮಲ್ಲಿ ತುಂಬಾ ಜನಕ್ಕೆ ಅವರು ಪರಿಚಯವಾಗಿದ್ದು 2006ರ 'ಮುಂಗಾರು ಮಳೆ' ಹಾಡಿನಿಂದ. ಆದರೆ ಅವರ ಮೊದಲ ಕವನ ಸಂಕಲನ 'ರಂಗದಿಂದೊಂದಿಷ್ಟು ದೂರ' ಬಂದದ್ದು 1974ರಲ್ಲಿ. ಆಗ ಅವರಿಗೆ 19 ವರ್ಷ! ಅದಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಂದರೆ ಸಿನಿಮಾ ಹಾಡಿಗೆ 32 ವರ್ಷ ಮೊದಲೇ ಅವರು ಕವಿ.

ಹುಟ್ಟಿದ್ದು 1955ರಲ್ಲಿ, ಗೋಕರ್ಣದಲ್ಲಿ. ತಂದೆ ಗೌರೀಶ ಕಾಯ್ಕಿಣಿ ಮೇಷ್ಟ್ರು, ವಿಮರ್ಶಕರು. ಮಗ ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿ, ನಮ್ಮ ಹಾಗೇ ಕೆಲಸಕ್ಕಂತ ಮುಂಬೈಗೆ ಬಂದರು. ಎರಡು ದಶಕಕ್ಕೂ ಹೆಚ್ಚು ಕಾಲ ಔಷಧ ಉದ್ಯಮದಲ್ಲಿ ದುಡಿದರು.

ಹಾಗಾದರೆ ಮುಂಬೈ ಅವರ ಬರವಣಿಗೆಯನ್ನ ನುಂಗಿತಾ? ಇಲ್ಲ. 1982ರಲ್ಲಿ ಬಂದ ಕವನ ಸಂಕಲನಕ್ಕೆ ಗೋಕರ್ಣದ ಕೆರೆಯ ಹೆಸರನ್ನೇ ಇಟ್ಟರು: 'ಕೋಟಿತೀರ್ಥ'. ಕಥೆಗಳಿಗೆ ಮಾತ್ರ ಈ ಮಹಾನಗರ ನುಗ್ಗಿಬಂತು. 'ದಗಡೂ ಪರಬನ ಅಶ್ವಮೇಧ'ದಲ್ಲಿ ಮದುವೆ ಮೆರವಣಿಗೆಯ ಕುದುರೆ ಮದುಮಗನನ್ನ ಹೊತ್ತುಕೊಂಡೇ ಓಡಿಹೋಗುತ್ತೆ. ಆ ಹೆಸರಿನ ಸಂಕಲನಕ್ಕೂ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ತೇಜಸ್ವಿನಿ ನಿರಂಜನ ಇಂಗ್ಲಿಷಿಗೆ ತಂದ ಅವರ ಮುಂಬೈ ಕಥೆಗಳು, 'ನೋ ಪ್ರೆಸೆಂಟ್ಸ್ ಪ್ಲೀಸ್', 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಗೆದ್ದವು. ಆ ಪ್ರಶಸ್ತಿ ಅನುವಾದಿತ ಕೃತಿಯೊಂದಕ್ಕೆ ಬಂದದ್ದು ಅದೇ ಮೊದಲು.

ಇಲ್ಲಿ ಒಂದು ವಿಷಯ ಗಮನಿಸಿ. ದಗಡೂ ಪರಬನಂಥವರು ದಿನಾ ಆಡೋದು ಮರಾಠಿ, ಇಲ್ಲಾ ಮುಂಬೈ ಹಿಂದಿ. ಅವರ ಕಥೆ ಕಾಯ್ಕಿಣಿಯವರ ಕೈಲಿ ಕನ್ನಡವಾಯ್ತು. ನಮ್ಮ ಮಕ್ಕಳಿಗೆ ಕನ್ನಡ ಅಂದರೆ ಅಜ್ಜಿಗೆ ಫೋನ್ ಮಾಡೋ ಭಾಷೆ. ನಮಗೆ ಬಿಟ್ಟುಬಂದ ಊರನ್ನ ನೆನೆಯೋ ಭಾಷೆ. ಅಷ್ಟಕ್ಕೇ ಇಟ್ಟುಕೊಂಡರೆ ನೆನಪಿನ ಜೊತೆ ಅದೂ ಸವೆಯುತ್ತೆ. ಠಾಣೆ ಸ್ಟೇಷನ್ನಿನ ನೂಕುನುಗ್ಗಲು, ಪಕ್ಕದ ಮನೆಯ ಮರಾಠಿ ಆಜಿ, ಆಫೀಸಿನ ನೈಟ್ ಶಿಫ್ಟ್, ಇವನ್ನೆಲ್ಲ ಕನ್ನಡದಲ್ಲಿ ಹೇಳೋಕೆ ಶುರುಮಾಡಿದರೆ ಭಾಷೆ ಇಲ್ಲೇ ಬೇರು ಬಿಡುತ್ತೆ.

ಈ ವಾರ ಒಂದು ಕಥೆ ಓದಿ, ಮನೆಯಲ್ಲಿ ಮಕ್ಕಳಿಗೂ ಹೇಳಿ. ದಗಡೂ ಪರಬನ ಕುದುರೆಯಿಂದಲೇ ಶುರುಮಾಡಬಹುದು. ಮತ್ತೆ ಸಿಗೋಣ.