ಉಳುವ ಕೈಗೂ ಧರ್ಮವಿದೆ

ದಾವಣಗೆರೆ ಸಮೀಪದ ಲೋಕಿಕೆರೆಯಂತಹ ಊರಿನಲ್ಲಿ ಬೆಳಗಾಗುವುದೇ ದುಡಿಮೆಯಿಂದ. ಹೊಲ, ದನಕರು, ಅಡುಗೆಮನೆ, ಪೇಟೆಯ ವ್ಯವಹಾರಗಳಲ್ಲಿ ದಿನ ಸವೆಯುತ್ತದೆ. ಹೀಗೆ ದಣಿದವರಿಗೆ ಆತ್ಮಚಿಂತನೆಗೆ ಬಿಡುವೆಲ್ಲಿ? ಇದಕ್ಕಿಂತಲೂ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ಅಹಿಂಸೆಯೇ ಪರಮಧರ್ಮವಾದರೆ, ನೇಗಿಲ ಮೊನೆಗೆ ಸಿಕ್ಕಿ ಅಸಂಖ್ಯ ಸೂಕ್ಷ್ಮಜೀವಿಗಳು ಸಾಯುವಾಗ ರೈತನಿಗೆ ಧರ್ಮವೆಂಬುದು ಉಂಟೆ?

ಜೈನ ಪರಂಪರೆ ಈ ಪ್ರಶ್ನೆಗೆ ಬೆನ್ನು ತಿರುಗಿಸಿಲ್ಲ. ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಕಂಗೆಟ್ಟಾಗ, ಆದಿನಾಥನು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಬೋಧಿಸಿದನೆಂಬುದು ಪುರಾಣಪ್ರಸಿದ್ಧ. ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ ಈ ಪ್ರಥಮ ತೀರ್ಥಂಕರನ ಚರಿತೆಯೇ. ಮೋಕ್ಷದ ಹಾದಿ ತೋರಿದ ಗುರುವೇ ಮೊದಲು ಬೇಸಾಯವನ್ನು ಕಲಿಸಿದನೆಂಬುದು ಗಮನಾರ್ಹ. ಬೆಳಗಾವಿ ಸೀಮೆಯಲ್ಲಿ ಇಂದಿಗೂ ಎಷ್ಟೋ ಜೈನ ಕುಟುಂಬಗಳು ಒಕ್ಕಲುತನವನ್ನೇ ನಂಬಿ ಬಾಳುತ್ತಿವೆ.

ಶಾಸ್ತ್ರವು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಮನೆಗೆಲಸದಲ್ಲಿ ಆಗುವುದು ಆರಂಭೀ, ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಶ್ರಾವಕನು ಮೊದಲನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಹಾಗೆಂದು ಉಳಿದ ಮೂರು ಹಿಂಸೆಯೇ ಅಲ್ಲವೆಂದು ಅರ್ಥವಲ್ಲ. ಅವನ್ನು ಸಾಧ್ಯವಾದಷ್ಟು ಕಡಿಮೆ ಮಾಡುತ್ತಾ ಹೋಗುವುದೇ ಗೃಹಸ್ಥನ ಸಾಧನೆ.

ಈ ಸಾಧನೆಗೆ ಯತ್ನಾಚಾರವೆಂದು ಹೆಸರು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಖ್ಯವಾಗಿ ಎಣಿಸುತ್ತದೆ. ಆದ್ದರಿಂದ ಎಚ್ಚರದಿಂದ ಮಾಡಿದ ಕೆಲಸವೇ ಧರ್ಮದ ಮೊದಲ ಮೆಟ್ಟಿಲು. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ಅದೇ ಬಾವಿಗೋ ಕೆರೆಗೋ ಮರಳಿಸುವ ಗೃಹಿಣಿಗೆ ನೀರು ಸೇದುವುದೂ ವ್ರತವಾಗುತ್ತದೆ. ಮೂಕಪ್ರಾಣಿಯನ್ನು ಬಿಗಿದು ಕಟ್ಟುವುದು, ಹೊಡೆಯುವುದು, ಅಂಗಚ್ಛೇದ ಮಾಡುವುದು, ಮಿತಿಮೀರಿ ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಮೇವು ನೀರು ಕೊಡದಿರುವುದು: ಈ ಐದೂ ಅಹಿಂಸಾಣುವ್ರತದ ಅತಿಚಾರಗಳು. ಕೊಟ್ಟಿಗೆಯಲ್ಲಿ ಎತ್ತಿನ ಹೆಗಲು ಮುಟ್ಟಿ ನೋಡುವ ರೈತನಿಗೆ ಈ ಪಾಠ ಹೊಸದಲ್ಲ. ಕೇವಲ ಲಾಭಕ್ಕಾಗಿ ಅಲ್ಲದೆ ಜೀವದಯೆಯಿಂದಲೂ ಅದನ್ನು ಪಾಲಿಸಿದರೆ, ಅದೇ ಅವನ ವ್ರತ.

ಇದರೊಡನೆ ದಿನದಲ್ಲೊಮ್ಮೆ 48 ನಿಮಿಷಗಳ ಸಾಮಾಯಿಕವಿದೆ. ಅಂದು ಯಾರನ್ನು ನೋಯಿಸಿದೆ, ಎಲ್ಲಿ ಎಚ್ಚರ ತಪ್ಪಿದೆ ಎಂದು ಸಮಭಾವದಿಂದ ತನ್ನನ್ನೇ ಕೇಳಿಕೊಳ್ಳುವುದಕ್ಕೂ ಅದು ತಕ್ಕ ಸಮಯ. ಇಷ್ಟು ಸಾಕು ಎಂದು ಸಂಪತ್ತಿಗೆ ತಾನೇ ಗೆರೆ ಎಳೆದುಕೊಳ್ಳುವ ಪರಿಗ್ರಹ ಪರಿಮಾಣವೂ ಇದೆ. ಆ ಗೆರೆಯಿದ್ದಾಗ ದುಡಿಮೆ ದುರಾಸೆಗೆ ತಿರುಗದು. ಮಿಕ್ಕಿದ್ದು ದಾನಕ್ಕೆ ಒದಗುತ್ತದೆ.

ಬದುಕಿನ ಅರ್ಥವನ್ನು ಅರಸಿ ಎಲ್ಲರೂ ಮನೆ ತೊರೆಯಬೇಕಾಗಿಲ್ಲ. ಮುನಿಧರ್ಮದ ಮಹಾವ್ರತಗಳನ್ನು ಏರಲಾರದವರಿಗೆಂದೇ ಅಣುವ್ರತಗಳಿವೆ. ನಾಳೆ ಬೆಳಗ್ಗೆ ಮಾಡಬೇಕಾದ ಕೆಲಸ ಅದೇ ಇರಲಿ. ಅದನ್ನು ಮಾಡುವ ಕೈಯಲ್ಲಿ ದಯೆಯೂ ಮನಸ್ಸಿನಲ್ಲಿ ಎಚ್ಚರವೂ ಇರಲಿ.