ಮಂಜುಗಡ್ಡೆಯ ನಡುವೆ ನಿಂತ ಹೂಳು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಮಳೆಗಾಲದಲ್ಲಿ ಘಟ್ಟದ ಕೆಮ್ಮಣ್ಣನ್ನು ಹೊತ್ತು ನವಿಲುತೀರ್ಥದ ಜಲಾಶಯದತ್ತ ಹರಿಯುವುದನ್ನೂ, ಬೆಳಗಾವಿ ನಗರಕ್ಕೆ ಕುಡಿಯುವ ನೀರೊದಗಿಸುವ ರಕ್ಕಸಕೊಪ್ಪ ಜಲಾಶಯಕ್ಕೆ ಮಾರ್ಕಂಡೇಯ ನದಿಯು ಮಣ್ಣು ತರುವುದನ್ನೂ ಬಲ್ಲವರಿಗೆ ಹೂಳೆಂದರೆ ನೀರು ತಂದು ತಳಕ್ಕಿಳಿಸಿದ ಮಣ್ಣು. ಆದರೆ ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಒಣ ಕಣಿವೆಗಳಲ್ಲಿರುವ ಹೋರ್, ಬಾನಿ ಮುಂತಾದ ಸರೋವರಗಳಿಗೆ ಹೂಳು ತರುವುದರಲ್ಲಿ ಗಾಳಿಯ ಪಾಲು ದೊಡ್ಡದು. ಅಲ್ಲಿ ಹೂಳು ತಳ ಮುಟ್ಟುವ ಮೊದಲೇ, ಎಂದೂ ಪೂರ್ತಿ ಕರಗದ 3ರಿಂದ 6 ಮೀಟರ್ ದಪ್ಪದ ಮಂಜುಗಡ್ಡೆಯ ನಡುವೆ ಸಿಕ್ಕಿಕೊಳ್ಳುತ್ತದೆ.

ಧ್ರುವದ ಪ್ರಸ್ಥಭೂಮಿಯ ಮೇಲೆ ತಣಿದು ಭಾರವಾದ ಗಾಳಿಯು ಇಳಿಜಾರಿನಗುಂಟ ರಭಸದಿಂದ ಕೆಳಗಿಳಿಯುತ್ತದೆ. ಇದನ್ನು ಅವರೋಹಣ ಮಾರುತ ಎನ್ನುತ್ತಾರೆ. ಕಣಿವೆಯ ಬರಿನೆಲದಿಂದ ಅದು ಎಬ್ಬಿಸಿದ ಮರಳು ಗಡ್ಡೆಯ ಮೇಲೆ ಬೀಳುತ್ತದೆ. ಬಿಳಿಯ ಗಡ್ಡೆ ಬೆಳಕಿನ ಬಹುಭಾಗವನ್ನು ಹಿಂದಿರುಗಿಸಿದರೆ ಕಪ್ಪು ಕಣ ಅದನ್ನು ಹೀರಿ ಬಿಸಿಯಾಗಿ, ಸೂರ್ಯ ಮುಳುಗದ ಬೇಸಿಗೆಯಲ್ಲಿ ತನ್ನ ಕೆಳಗಿನ ಗಡ್ಡೆಯನ್ನು ಕರಗಿಸುತ್ತ ಒಳಗಿಳಿಯುತ್ತದೆ. ಆಳಕ್ಕೆ ಹೋದಷ್ಟೂ ಬೆಳಕು ಕುಂದುವುದರಿಂದ ಇಳಿತ ನಿಧಾನವಾಗುತ್ತದೆ. ಇತ್ತ ಮೇಲ್ಮೈಯ ಗಡ್ಡೆ ಒಣಗಾಳಿಗೆ ಸಿಕ್ಕಿ, ಹೆಚ್ಚಾಗಿ ನೀರಾಗದೆ ನೇರವಾಗಿ ಆವಿಯಾಗುವ ಉತ್ಪತನ ಕ್ರಿಯೆಯಿಂದ, ವರ್ಷಕ್ಕೆ ಸುಮಾರು 30 ಸೆಂಟಿಮೀಟರ್‌ನಷ್ಟು ಸವೆಯುತ್ತದೆ. ಹೆಚ್ಚುಕಡಿಮೆ ಅಷ್ಟೇ ಗಡ್ಡೆ ಸರೋವರದ ನೀರು ಹೆಪ್ಪುಗಟ್ಟಿ ಅಡಿಯಲ್ಲಿ ಸೇರುವುದರಿಂದ ಇಡೀ ಹೊದಿಕೆ ಮೆಲ್ಲಗೆ ಮೇಲೇರುತ್ತಲೇ ಇರುತ್ತದೆ. ಕಣ ಬೇಸಿಗೆಯಲ್ಲಿ ಇಳಿದ ದೂರವನ್ನು ಗಡ್ಡೆಯ ಈ ಏರಿಕೆ ಸರಿದೂಗಿಸಿದಾಗ, ಮೇಲಿನಿಂದ ಸುಮಾರು 2 ಮೀಟರ್ ಆಳದಲ್ಲಿ ಹೂಳಿನ ಪದರ ನೆಲೆಗೊಳ್ಳುತ್ತದೆ. ಅಲುಗದೆ ನಿಂತಂತೆ ಕಾಣುವ ಪದರವೊಂದು ಎರಡು ವಿರುದ್ಧ ಚಲನೆಗಳಿಂದ ಉಂಟಾಗಿರುವುದೇ ಈ ವಿದ್ಯಮಾನದ ನಿಜವಾದ ಸೊಗಸು. ಒಂದಷ್ಟು ಮರಳು ಮಾತ್ರ ಬಿರುಕುಗಳ ಮೂಲಕ ಜಾರಿ ತಳದಲ್ಲಿ ದಿಬ್ಬವಾಗುತ್ತದೆ.

ಬೇಸಿಗೆಯಲ್ಲಿ ಕಣಗಳ ಸುತ್ತ ಕರಗಿ ನಿಲ್ಲುವ ನೀರು ಅಲ್ಪವಾದರೂ ಜೀವಕ್ಕೆ ಅಷ್ಟೇ ಸಾಕು. ಬೆಳಕಿನಿಂದ ಆಹಾರ ತಯಾರಿಸಬಲ್ಲ ಹಾಗೂ ಗಾಳಿಯ ಸಾರಜನಕವನ್ನು ಬಳಕೆಗೆ ತರಬಲ್ಲ ಸಯನೋಬ್ಯಾಕ್ಟೀರಿಯಾಗಳು ಬಾನಿ ಸರೋವರದ ಗಡ್ಡೆಯೊಳಗೆ ಬದುಕಿರುವುದನ್ನು ವಿಜ್ಞಾನಿ ಜಾನ್ ಪ್ರಿಸ್ಕು ಮತ್ತು ಸಂಗಡಿಗರು 1998ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅವುಗಳಿಗೆ ಬೇಕಾದ ಖನಿಜಾಂಶವೂ ಆ ಮರಳಿನಿಂದಲೇ ದೊರೆಯುತ್ತದೆ.

ಅಂಟಾರ್ಕ್ಟಿಕಾದಲ್ಲೇ ಇರುವ ಭಾರತದ ಮೈತ್ರಿ ಸಂಶೋಧನಾ ನೆಲೆಗೆ ನೀರು ಕೊಡುವ ಪ್ರಿಯದರ್ಶಿನಿ ಸರೋವರದ ಗಡ್ಡೆ ಬೇಸಿಗೆಯಲ್ಲಿ ಕರಗುವುದರಿಂದ ಅಲ್ಲಿ ಇಂಥ ಪದರ ವರ್ಷಗಟ್ಟಲೆ ಉಳಿಯಲಾರದು. ಆ ನೆಲೆಯ ಸಂಶೋಧನೆಯನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವು, ಖಾನಾಪುರ ತಾಲ್ಲೂಕಿನ ಲೋಂಡಾದಿಂದ ಘಟ್ಟವಿಳಿಯುವ ರೈಲು ಹಾದಿಯ ಕೊನೆಯ ಊರಾದ ವಾಸ್ಕೋದಲ್ಲಿದೆ. ಭೂವಿಜ್ಞಾನ ಓದುವ ಬೆಳಗಾವಿಯ ವಿದ್ಯಾರ್ಥಿಗಳು ಅತ್ತ ಕಣ್ಣು ಹಾಯಿಸಬೇಕು.