ಬಾಲ ಇಲ್ಲದ ವಿಮಾನ ತೂಗಾಡದೆ ಹಾರೋದು ಹೇಗೆ? ಹಾರೋಕೆ ಮೊದಲೇ ಕಂಪ್ಯೂಟರ್ ಹಾಕುವ ಲೆಕ್ಕ ಇದು

ಚಳ್ಳಕೆರೆ: ನಮ್ಮ ತಾಲ್ಲೂಕಿನಲ್ಲಿರುವ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ವಲಯದಿಂದ 2022ರ ಜುಲೈ 1ರಂದು ರೆಕ್ಕೆಯಾಕಾರದ, ಪೈಲಟ್ ಇಲ್ಲದ ವಿಮಾನ ಮೊದಲ ಸಲ ಹಾರಿತು. ಬೆಂಗಳೂರಿನ ಎಡಿಇ ಸಂಸ್ಥೆ ಇದನ್ನು ರೂಪಿಸಿದೆ. ಬಾಲವೇ ಇಲ್ಲದ ರೂಪದಲ್ಲೂ ಇದು ಹಾರಿದೆ ಅಂತ 2023ರ ಡಿಸೆಂಬರ್‌ನಲ್ಲಿ ಡಿಆರ್‌ಡಿಒ ತಿಳಿಸಿತು. ಬಾಲ ಇಲ್ಲದಿದ್ರೆ ಏನು ಕಷ್ಟ?

ಅಂಗಡಿಯ ತಕ್ಕಡಿ ನೋಡಿ. ಬೊಟ್ಟು ಇಟ್ಟು ಬಿಟ್ರೆ ಮುಳ್ಳು ಅತ್ತಿತ್ತ ಆಡಿ, ಕೊನೆಗೆ ನಿಲ್ಲುತ್ತೆ. ವಿಮಾನವೂ ಹಾಗೇ. ಗಾಳಿ ಹೊಡೆದು ಮೂಗು ಮೇಲೆದ್ದರೆ ಮತ್ತೆ ಕೆಳಗಿಳಿಯಬೇಕು, ಅಷ್ಟೇ ಸಾಲದು. ಆ ತೂಗಾಟ ಕಡಿಮೆಯಾಗ್ತಾ ಹೋಗಬೇಕು. ಇದಕ್ಕೆ ಡೈನಾಮಿಕ್ ಸ್ಟೆಬಿಲಿಟಿ ಅಂತಾರೆ. ತೂಗಾಟ ಸಲ ಸಲಕ್ಕೂ ಹೆಚ್ಚಾದ್ರೆ ವಿಮಾನ ಕೈತಪ್ಪುತ್ತೆ.

ಮಾಮೂಲಿ ವಿಮಾನದಲ್ಲಿ ಇದನ್ನು ತಡೆಯೋದು ಹೆಚ್ಚಾಗಿ ಬಾಲ. ಮೂಗು ಏಳುವಾಗ ಬಾಲ ಕೆಳಗಿಳಿಯುತ್ತೆ, ಗಾಳಿ ಅದನ್ನು ಕೆಳಗಿಂದ ತಳ್ಳಿ ತಡೆಯುತ್ತೆ. ಬಾಲ ಇಲ್ಲದಿದ್ರೆ ಒಳಗಿನ ಕಂಪ್ಯೂಟರ್ ರೆಕ್ಕೆಯ ಪಟ್ಟಿಗಳನ್ನು ಕ್ಷಣಕ್ಷಣಕ್ಕೂ ಅಲುಗಿಸಿ ಸರಿಮಾಡಬೇಕು. ಎಷ್ಟು ಅಲುಗಿಸಬೇಕು ಅನ್ನೋ ಲೆಕ್ಕ ಮೊದಲೇ ಗೊತ್ತಿರಬೇಕು.

ಇಲ್ಲೇ ಸಿಎಫ್‌ಡಿ ಬರೋದು. ಅಂದ್ರೆ, ಗಾಳಿಯ ಹರಿವನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದು. ವಿಮಾನದ ಸುತ್ತಲಿನ ಗಾಳಿಯನ್ನು ಲಕ್ಷಾಂತರ ಸಣ್ಣ ಕೋಣೆಗಳಾಗಿ ಭಾಗ ಮಾಡ್ತಾರೆ. ಪ್ರತಿ ಕೋಣೆಯಲ್ಲೂ ಗಾಳಿಯ ವೇಗ, ಒತ್ತಡ ಎಷ್ಟು ಅಂತ ಲೆಕ್ಕ ಹಾಕ್ತಾರೆ. ಆಮೇಲೆ ಕಂಪ್ಯೂಟರಿನೊಳಗೇ ವಿಮಾನದ ಮೂಗನ್ನು ಒಂದೆರಡು ಡಿಗ್ರಿ ಮೇಲೆ ಕೆಳಗೆ ಆಡಿಸ್ತಾರೆ. ಗಾಳಿ ಆ ಆಟವನ್ನು ತಡೆಯುತ್ತಾ, ಇನ್ನೂ ತಳ್ಳುತ್ತಾ ಅನ್ನೋದು ಅಂಕಿಯಲ್ಲಿ ಸಿಗುತ್ತೆ.

ಆದ್ರೆ ಈ ಲೆಕ್ಕಕ್ಕೂ ಮಿತಿ ಇದೆ. ಮೂಗು ತೀರಾ ಮೇಲೆದ್ದಾಗ ಗಾಳಿ ರೆಕ್ಕೆ ಬಿಟ್ಟು ಸುಳಿಯಾಗಿ ತಿರುಗುತ್ತೆ. ಆಗ ಉತ್ತರ ತಪ್ಪುವುದು ಸುಲಭ. ಹಾಗಾಗಿ ವಿಂಡ್ ಟನಲ್ ಎಂಬ ಗಾಳಿ ಸುರಂಗದಲ್ಲಿ ಮಾದರಿ ಇಟ್ಟು ತಾಳೆ ನೋಡ್ತಾರೆ, ಕೊನೆಗೆ ಹಾರಿಸಿ ನೋಡ್ತಾರೆ.

ಹಾರಿಸಿ ನೋಡೋದು ನಮ್ಮ ತಲೆ ಮೇಲೆ. 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಡಿಆರ್‌ಡಿಒ ಡ್ರೋನ್‌ಗಳು ಜಮೀನಿಗೆ ಬಿದ್ದಿದ್ದವು. ಅವು ಬಾಲ ಇರುವ ಬೇರೆ ವಿಮಾನಗಳು, ಈ ಕಾರಣಕ್ಕೇ ಬಿದ್ದವು ಅಂತಲ್ಲ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದ್ರೆ ಕಂಪ್ಯೂಟರಿನ ಲೆಕ್ಕ ಎಷ್ಟು ಗಟ್ಟಿ ಇರುತ್ತೋ, ಕೆಳಗೆ ಹೊಲದಲ್ಲಿ ಕೆಲಸ ಮಾಡೋರಿಗೆ ಅಷ್ಟು ಕ್ಷೇಮ.